ಕಿವಿಯ ಅಕ್ಷರಾಭ್ಯಾಸ

ಮೊಬೈಲಿನಲ್ಲಿ ಹರಿದಾಡುವ ಒಂದು ಬಗೆಯ ದೃಶ್ಯವನ್ನು ತಾವೂ ಕಂಡಿರಬಹುದು. ಕಿವಿ ಕೇಳದವರೊಬ್ಬರ ತಲೆಗೆ ಪುಟ್ಟ ಯಂತ್ರವೊಂದನ್ನು ತೊಡಿಸಿ ಚಾಲನೆ ಮಾಡುತ್ತಾರೆ. ಮರುಕ್ಷಣವೇ ಅವರು ಬಿಕ್ಕಿ ಬಿಕ್ಕಿ ಅಳುತ್ತಾರೆ. ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ. ಆ ದೃಶ್ಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ನೋಡಿ ಕಿವಿ ಬಂದೇಬಿಟ್ಟಿತೆಂದು ತಿಳಿಯುವುದು, ಮಗು ಅಕ್ಕಿಯ ಮೇಲೆ ಓಂಕಾರ ತಿದ್ದಿದ ದಿನವೇ ಪಂಡಿತನಾದನೆಂದು ಸಾರಿದಂತೆ. ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿಕೊಂಡು ಹನ್ನೊಂದು ತಿಂಗಳು ಕಳೆದಿರುವ ನನಗೆ, ಆ ಚಪ್ಪಾಳೆಯ ಮುಂದಿನ ದಿನಗಳ ಬಗ್ಗೆ ಕೆಲವು ಮಾತು ಹೇಳಬೇಕೆನಿಸಿದೆ.

ಶ್ರವಣಯಂತ್ರವು ಶಬ್ದವನ್ನು ದೊಡ್ಡದು ಮಾಡುತ್ತದೆ, ಅಷ್ಟೆ. ಇದರ ರೀತಿಯೇ ಬೇರೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡಿರುವ ಕಾಕ್ಲಿಯಾದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿರುತ್ತವೆ. ಅವು ನಶಿಸಿದ ಮೇಲೆ ಎಷ್ಟು ಗಟ್ಟಿಯಾಗಿ ಕೂಗಿದರೂ ವ್ಯರ್ಥ. ಇಂಪ್ಲಾಂಟ್ ಆ ಕೋಶಗಳನ್ನು ಬದಿಗಿಟ್ಟು, ಶ್ರವಣನರವನ್ನು ನೇರವಾಗಿ ವಿದ್ಯುತ್ತಿನಿಂದ ಮಿಡಿಯುತ್ತದೆ. ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರು ಇದರ ಆದ್ಯರಲ್ಲೊಬ್ಬರು. ಅವರ ತಂದೆ ಔಷಧದ ಅಂಗಡಿ ನಡೆಸುತ್ತಿದ್ದರು. ಅವರಿಗೆ ಕಿವಿ ಮಂದ. ಆ ಸುರುಳಿಯೊಳಕ್ಕೆ ತಂತಿಯನ್ನು ತೂರಿಸುವ ಬಗೆ ಕ್ಲಾರ್ಕರಿಗೆ ಹೊಳೆದದ್ದು 1977ರಲ್ಲಿ, ಕಡಲ ತೀರದಲ್ಲಿ ಶಂಖದ ಚಿಪ್ಪೊಂದರೊಳಗೆ ಹುಲ್ಲಿನ ಎಸಳನ್ನು ತೂರಿಸುತ್ತಿದ್ದಾಗ. ಮರುವರ್ಷ ಮೆಲ್ಬರ್ನಿನಲ್ಲಿ ರಾಡ್ ಸಾಂಡರ್ಸ್ ಎಂಬವರಿಗೆ ಅದನ್ನು ಅಳವಡಿಸಿದರು. ಈಗಿನ ಸಾಧನಗಳಲ್ಲಿಯೂ ಇರುವುದು ಸಾಮಾನ್ಯವಾಗಿ 12ರಿಂದ 22 ವಿದ್ಯುದ್ವಾರಗಳು. 15 ಸಾವಿರ ಕೋಶಗಳ ಕೆಲಸವನ್ನು ಅಷ್ಟರಿಂದ ಮಾಡಿಸಬೇಕು. ಉಳಿದುದನ್ನೆಲ್ಲ ಮಿದುಳೇ ತುಂಬಿಕೊಳ್ಳಬೇಕು.

ಶಸ್ತ್ರಚಿಕಿತ್ಸೆಯಾಗಿ ಮೂರು ವಾರಗಳ ಬಳಿಕ ಯಂತ್ರವನ್ನು ಚಾಲನೆಗೊಳಿಸಿದಾಗ ನಾನು ಅಳಲಿಲ್ಲ. ಅಳುವುದಕ್ಕೆ ಅಲ್ಲಿ ಪರಿಚಿತವಾದುದೇನೂ ಇರಲಿಲ್ಲ. ನಲವತ್ತು ವರ್ಷಗಳಿಂದ ಬಲ್ಲ ಹೆಂಡತಿಯ ದನಿ ತಗಡಿನ ಡಬ್ಬಿಯೊಳಗಿನ ಜೀರುಂಡೆಯ ದನಿಯಾಗಿತ್ತು. ಮೊಮ್ಮಗ 'ತಾತ, ಕೇಳಿಸ್ತಾ?' ಎಂದುದು ಎರಡು ಕೀರಲು ಸದ್ದು. ನಲ್ಲಿಯ ನೀರು, ಚಪ್ಪಲಿಯ ಸಪ್ಪಳ, ಕಾಗದದ ಮಡಿಕೆ, ಎಲ್ಲವೂ ಒಂದೇ ತೂಕದಲ್ಲಿ ಬಂದು ಬಡಿದವು. ಇದೇ ಘಟ್ಟದಲ್ಲಿ ಹಲವರು ಎದೆಗುಂದುತ್ತಾರೆ. ಲಕ್ಷಾಂತರ ರೂಪಾಯಿ ಸುರಿದು ಕೊಂಡ ವಸ್ತು ಮೇಜಿನ ಖಾನೆ ಸೇರುವುದೂ ಉಂಟು. ಮನೆಯವರು 'ಈಗ ಚೆನ್ನಾಗಿ ಕೇಳಿಸುತ್ತದೆಯಲ್ಲ!' ಎಂದು ದಿನಕ್ಕೆ ಹತ್ತು ಬಾರಿ ವಿಚಾರಿಸುವುದು ಈ ಸೋಲಿಗೆ ನೀರೆರೆಯುತ್ತದೆ.

ನಮ್ಮ ಮನೆಯ ಅಭ್ಯಾಸ ಹೀಗೆ ನಡೆಯಿತು. ಬೆಳಿಗ್ಗೆ ಕಾಫಿಯಾದ ಮೇಲೆ ಅರ್ಧ ಗಂಟೆ, ಹೆಂಡತಿ ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು (ನಾನು ತುಟಿಯ ಚಲನೆಯನ್ನು ಓದಬಾರದಲ್ಲ!) ಒಂದೊಂದೇ ಪದ ಹೇಳುವುದು, ನಾನು ಮರುನುಡಿಯುವುದು. ಜೀವಮಾನವೆಲ್ಲ ಉಕ್ತಲೇಖನ ಹೇಳಿಸಿದವನಿಗೆ ಈಗ ಉಕ್ತಲೇಖನ ಬರೆಯುವ ಪಾಳಿ. ಹ್ರಸ್ವ-ದೀರ್ಘಗಳ ಭೇದ ಬೇಗ ಕೈಹಿಡಿಯಿತು. ಬಲ-ಬಾಲ, ಕಡು-ಕಾಡು, ಕತೆ-ಕತ್ತೆ, ಇವುಗಳಲ್ಲಿ ತೊಡಕಿಲ್ಲ. ಕಾಲದ ಅಳತೆಯನ್ನು ಯಂತ್ರ ಚೆನ್ನಾಗಿ ಒಪ್ಪಿಸುತ್ತದೆ. ಆದರೆ ಬಲೆ-ಬಳೆ, ಮನೆ-ಮಣೆ, ಕಲೆ-ಕಳೆ ಇವು ವ್ಯಂಜನದ ಸೂಕ್ಷ್ಮದಲ್ಲಿ ಮಾತ್ರ ಬೇರೆಯಾಗುವ ಜೋಡಿಗಳು; ಇಂದಿಗೂ ಹತ್ತರಲ್ಲಿ ನಾಲ್ಕು ತಪ್ಪುತ್ತವೆ. ಮಹಾಪ್ರಾಣಗಳು ಕೇಳಿಸದಿದ್ದರೆ ಯಂತ್ರವನ್ನು ದೂರುವಂತಿಲ್ಲ. ಬೆಂಗಳೂರಿನಲ್ಲಿ ಅವನ್ನು ಉಚ್ಚರಿಸುವವರೇ ವಿರಳ!

ಕೋಣೆಯೊಳಗಿನ ಪಾಠ ಮುಗಿದ ಮೇಲೆ ಗಾಂಧಿ ಬಜಾರೇ ನನ್ನ ಪರೀಕ್ಷಾ ಮಂದಿರ. ಹೂವಿನ ಅಂಗಡಿಯಾಕೆ 'ಎಷ್ಟು ಮೊಳ, ಮೇಷ್ಟ್ರೇ?' ಎಂದರೆ ಅರ್ಥವಾಗುತ್ತದೆ, ಏಕೆಂದರೆ ಅಲ್ಲಿ ಮತ್ತೇನನ್ನು ಕೇಳಲು ಸಾಧ್ಯ? ಸಂದರ್ಭವೇ ಅರ್ಧ ಕಿವಿ. ವಿದ್ಯಾರ್ಥಿ ಭವನದೊಳಗೆ ಮಾತ್ರ ನಾನಿನ್ನೂ ಅನುತ್ತೀರ್ಣ. ತಟ್ಟೆಗಳ ಸದ್ದು, ನಾಲ್ಕು ಮೇಜುಗಳ ಹರಟೆ, ಎದುರಿಗೆ ಕುಳಿತ ಗೆಳೆಯರ ಮಾತು, ಇವನ್ನು ಒಂದರಿಂದೊಂದು ಬಿಡಿಸುವ ವಿದ್ಯೆ ಈ ಸಾಧನಕ್ಕೆ ಕಷ್ಟ. ಅಲ್ಲಿ ಗೆಳೆಯರು ಕೂಗುತ್ತಾರೆ. ಕೂಗಿದರೆ ಮಾತು ಒಡೆಯುತ್ತದೆ. ಮುಖ ನೋಡಿ, ನಿಧಾನವಾಗಿ, ಸಹಜವಾದ ದನಿಯಲ್ಲಿ ನುಡಿಯುವುದೇ ನಿಜವಾದ ಉಪಕಾರ.

ಈಗ ನನ್ನ ಆಕ್ಷೇಪಣೆಗೆ ಬರುತ್ತೇನೆ. ಚಿಕಿತ್ಸೆ ಮಾಡಿದ ಆಸ್ಪತ್ರೆಯಲ್ಲಿ ನನ್ನ ಕೈಗಿತ್ತ ಅಭ್ಯಾಸದ ಹಾಳೆಗಳೆಲ್ಲ ಇಂಗ್ಲಿಷಿನವು. ಇಂಗ್ಲಿಷಿನ 'ಪಿನ್' ಮತ್ತು 'ಬಿನ್'ಗಳ ಭೇದವನ್ನರಿತು ನಾನು ಯಾರೊಡನೆ ಮಾತಾಡಲಿ? ಯಾವ ಭಾಷೆಯಲ್ಲಿ ಬದುಕುತ್ತೇವೆಯೋ ಆ ಭಾಷೆಯಲ್ಲಿಯೇ ಕಿವಿಯನ್ನು ತಿದ್ದಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಿವಿ ಕೇಳದ ಮಕ್ಕಳೊಂದಿಗೆ ಅವರ ತಾಯಂದಿರಿಗೂ ಅಲ್ಲಿ ತರಬೇತಿ ಕೊಡುತ್ತಾರೆ. ಮಗುವಿಗೆ ಕಲಿಸಲು ತಾಯಿ ಬೇಕೆಂದಾದರೆ, ಮುದುಕನಿಗೆ ಕಲಿಸಲು ಮಡದಿಯೋ ಮಗಳೋ ಬೇಡವೇ? ಶಸ್ತ್ರಚಿಕಿತ್ಸೆಯ ವೆಚ್ಚದಲ್ಲಿಯೇ ಒಂದು ವರ್ಷದ ಕನ್ನಡ ಶ್ರವಣಾಭ್ಯಾಸವನ್ನೂ, ಮನೆಯ ಒಬ್ಬರಿಗೆ ತರಬೇತಿಯನ್ನೂ ಸೇರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಈ ಸಾಧನ ಸಿಗುತ್ತದೆ, ಅದು ನ್ಯಾಯ. ಮಾತು ಕಲಿಯುವ ವಯಸ್ಸು ಮೀರಿದರೆ ಆ ಮಕ್ಕಳಿಗೆ ಕಾಲ ಕಾಯುವುದಿಲ್ಲ. ಆದರೆ 'ಈ ವಯಸ್ಸಿನಲ್ಲಿ ನಿಮಗೇಕೆ ಇದೆಲ್ಲ?' ಎಂದು ನನ್ನನ್ನು ಕೇಳಿದ ಬಂಧುಗಳಿಗೆ ನನ್ನ ಉತ್ತರವಿಷ್ಟೆ: ಮುದುಕನ ಮಿದುಳಿನಲ್ಲಿ ಭಾಷೆ ಈಗಾಗಲೇ ತುಂಬಿದೆ, ಹೊಸ ಲಿಪಿಯನ್ನು ಓದಲು ಕಲಿತರೆ ಸಾಕು.

ಸಂಗೀತದ ಮಾತು ಬೇರೆ. ಈ ವರ್ಷ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗೆ ಹೋಗಿದ್ದೆ. ಮೃದಂಗದ ಒಂದೊಂದು ಪೆಟ್ಟೂ ಸ್ಪಷ್ಟವಾಗಿ ಕೇಳಿಸಿತು, ತಾಳ ಹಾಕಿದೆ. ರಾಗ ಯಾವುದೆಂದು ಮಾತ್ರ ತಿಳಿಯಲಿಲ್ಲ, ಪಕ್ಕದವರನ್ನು ಕೇಳಿದೆ. 'ಕಲ್ಯಾಣಿ' ಎಂದರು. ಆ ಮೂರಕ್ಷರ ಮೊದಲ ಸಲಕ್ಕೇ ಕೇಳಿಸಿತು.