ಅನಧ್ಯಾಯದ ಹೊತ್ತು

ಪಾಠಶಾಲೆಯಲ್ಲಿ ಓದಿದವರಿಗೆ ‘ಅನಧ್ಯಾಯ’ವೆಂಬ ಮಾತು ಬಹು ಇಂಪಾದುದು. ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಂದು ಗುರುಗಳು ಹೊಸ ಪಾಠ ಹೇಳುತ್ತಿರಲಿಲ್ಲ. ಇದಕ್ಕೆ ಶಾಸ್ತ್ರವು ಹೇಳುವ ಕಾರಣಗಳು ಬೇರೆ. ನನ್ನ ಅನುಭವಕ್ಕೆ ಬಂದುದಿಷ್ಟು: ಸಪ್ತಮಿಯ ದಿನ ಎಷ್ಟು ತಿಣುಕಿದರೂ ಬಿಡಿಸಲಾಗದ ಸೂತ್ರದ ಗಂಟು, ಅಷ್ಟಮಿಯ ದಿನ ಬಟ್ಟೆ ಒಗೆಯುತ್ತಿರುವಾಗ ತಾನಾಗಿಯೇ ಸಡಿಲುತ್ತಿತ್ತು.

ಈಚೆಗೆ ಸ್ನೇಹಿತರೊಬ್ಬರ ಮಗನು ಮನೆಗೆ ಬಂದಿದ್ದನು. ಕಛೇರಿಯೊಂದರಲ್ಲಿ ಹತ್ತು ಮಂದಿಯ ಮೇಲಧಿಕಾರಿ. “ಮೇಷ್ಟ್ರೇ, ನನ್ನ ಕೈಕೆಳಗಿನವರಿಗೆ ಹೊಸದೊಂದೂ ಹೊಳೆಯುವುದಿಲ್ಲ” ಎಂದು ಕೊರಗಿದನು. ಅವರ ದಿನಚರಿ ಹೇಗೆಂದು ಕೇಳಿದೆನು. ಅರ್ಧ ಗಂಟೆಗೊಮ್ಮೆ, ಮಾಡಿದ ಕೆಲಸದ ಲೆಕ್ಕ ಒಪ್ಪಿಸಬೇಕಂತೆ! ನಾನು ಅವನಿಗೆ ರಾಮಾನುಜನ್ನರ ವೃತ್ತಾಂತವನ್ನು ಹೇಳಿದೆನು.

ಶ್ರೀನಿವಾಸ ರಾಮಾನುಜನ್ನರು ೧೯೧೨ನೆಯ ಮಾರ್ಚಿ ೧ರಂದು ಮದರಾಸಿನ ಪೋರ್ಟ್ ಟ್ರಸ್ಟಿನ ಲೆಕ್ಕದ ಶಾಖೆಯಲ್ಲಿ ಗುಮಾಸ್ತೆಯಾಗಿ ಸೇರಿದರು. ಸಂಬಳ ತಿಂಗಳಿಗೆ ೩೦ ರೂಪಾಯಿ. ಗಣಿತವೊಂದನ್ನುಳಿದು ಮಿಕ್ಕ ವಿಷಯಗಳಲ್ಲಿ ಮನಸ್ಸಿಡದೆ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹೋದವರು. ಕಛೇರಿಯ ಕೆಲಸವನ್ನು ಬೇಗನೆ ಮುಗಿಸಿ ತಮ್ಮ ಗಣಿತದಲ್ಲಿ ಮುಳುಗಿಬಿಡುತ್ತಿದ್ದರು. ಇಂತಹ ಗುಮಾಸ್ತೆಯನ್ನು ಕಂಡ ಅಧಿಕಾರಿಯು ಸಾಮಾನ್ಯವಾಗಿ ಏನು ಮಾಡುವನು? ಇನ್ನೆರಡು ಕಡತಗಳನ್ನು ಮುಂದಿಡುವನು. ಅಲ್ಲಿಯ ಮುಖ್ಯ ಲೆಕ್ಕಾಧಿಕಾರಿಗಳಾಗಿದ್ದ ನಾರಾಯಣ ಅಯ್ಯರವರು ಹಾಗೆ ಮಾಡಲಿಲ್ಲ. ಸ್ವತಃ ಗಣಿತ ಬಲ್ಲ ಆ ಮಹನೀಯರು ರಾತ್ರಿಯ ಹೊತ್ತು ತಮ್ಮ ಗುಮಾಸ್ತೆಯೊಡನೆ ಸ್ಲೇಟು ಹಿಡಿದು ಕುಳಿತರು. ಅಧ್ಯಕ್ಷರಾದ ಸರ್ ಫ್ರಾನ್ಸಿಸ್ ಸ್ಪ್ರಿಂಗರೂ ಬೆಂಬಲವಾಗಿ ನಿಂತರು. ೧೯೧೩ನೆಯ ಜನವರಿ ೧೬ರಂದು ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಕಾಗದ ಬರೆದಾಗ, ರಾಮಾನುಜನ್ನರು ತಮ್ಮನ್ನು ಪೋರ್ಟ್ ಟ್ರಸ್ಟಿನ ಗುಮಾಸ್ತೆಯೆಂದೇ ಪರಿಚಯಿಸಿಕೊಂಡರು. ಅದೇ ವರ್ಷ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ ೭೫ ರೂಪಾಯಿಯ ವಿದ್ಯಾರ್ಥಿವೇತನವನ್ನಿತ್ತಿತು, ಕಛೇರಿಯು ರಜೆಯಿತ್ತಿತು. ೧೯೧೮ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು.

“ಎಲ್ಲ ಗುಮಾಸ್ತರೂ ರಾಮಾನುಜನ್ನರೇ?” ಎಂದನು ಹುಡುಗ. ಅಲ್ಲ, ದಿಟ. ಆದರೆ ಹತ್ತು ಮಂದಿಯಲ್ಲಿ ಯಾರ ತಲೆಯಲ್ಲಿ ಏನಿದೆಯೆಂಬುದು ಅರ್ಧ ಗಂಟೆಯ ಲೆಕ್ಕದಿಂದ ತಿಳಿಯುವುದೇ?

ನನಗೂ ತಿಳಿದಿರಲಿಲ್ಲ. ನನ್ನ ತರಗತಿಯಲ್ಲಿ ಒಬ್ಬ ಬಾಲಕನು ಅಭ್ಯಾಸವನ್ನು ಎಲ್ಲರಿಗಿಂತ ಮೊದಲೇ ಮುಗಿಸಿ ಪುಸ್ತಕದ ಹಿಂಬದಿಯಲ್ಲಿ ಚಕ್ರಗಳನ್ನೂ ರಾಟೆಗಳನ್ನೂ ಬರೆಯುತ್ತಿದ್ದನು. ಸುಮ್ಮನೆ ಕುಳಿತು ಕೆಡಬಾರದೆಂದು ನಾನು ಅವನಿಗೆ ಹೆಚ್ಚಿನ ಅಭ್ಯಾಸ ಕೊಡತೊಡಗಿದೆನು. ಕೆಲವು ತಿಂಗಳಲ್ಲಿ ಅವನು ಸರಿಯಾಗಿ ಗಂಟೆ ಬಾರಿಸುವ ಹೊತ್ತಿಗೇ ಮುಗಿಸುವುದನ್ನು ಕಲಿತನು. ಚಕ್ರಗಳು ನಿಂತುಹೋದವು. ಹುಡುಗನು ದಾರಿಗೆ ಬಂದನೆಂದು ಆಗ ನಾನು ಸಂತೋಷಪಟ್ಟೆನು!

ಸ್ನೇಹಿತರ ಮಗನು ಕಾಫಿಯ ಲೋಟವನ್ನು ಕೆಳಗಿಟ್ಟು, “ಹಾಗಾದರೆ ವಾರಕ್ಕೊಂದು ಮಧ್ಯಾಹ್ನ ಲೆಕ್ಕ ಕೇಳುವುದನ್ನು ಬಿಟ್ಟುಬಿಡಲೇ?” ಎಂದನು.

“ಕೇಳದಿದ್ದರೆ ಸಾಲದಪ್ಪ. ಆ ಮಧ್ಯಾಹ್ನಕ್ಕೆ ಬೇರೆ ಕೆಲಸವನ್ನೂ ತುಂಬಬೇಡ” ಎಂದೆನು.