ಬಿದ್ದ ಗಾಳಿಗಿರಣಿ ಎದ್ದಿತು, ಹಾರಿದ ಹೆಂಚು?

ಮಳೆಗಾಲ ಬಂತೆಂದರೆ ಕಾಸರಗೋಡು, ಮಂಜೇಶ್ವರ ಕಡೆ ಹಳೆ ಕಟ್ಟಡಗಳ ಹೆಂಚು ಹಾರುವುದು, ಗೋಡೆ ಜರಿಯುವುದು ಹೊಸ ಸುದ್ದಿಯೇನಲ್ಲ. "ಹಳತಾಗಿತ್ತು, ಬಿತ್ತು, ಏನು ಮಾಡುವುದು?" ಎಂದು ಊರವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗದ ಊರೊಂದು ಫ್ರಾನ್ಸಿನಲ್ಲಿದೆ. ಹೆಸರು ವಾಲ್ಮಿ.

ಅಲ್ಲಿನ ಗುಡ್ಡದ ಮೇಲೆ ಧಾನ್ಯ ಬೀಸುವ ಗಾಳಿಗಿರಣಿಯಿತ್ತು. 1792ರ ಸೆಪ್ಟೆಂಬರ್ 20ರಂದು ಪ್ರಷ್ಯದ ಸೇನೆಯನ್ನು ಫ್ರೆಂಚರು ತಡೆದು ನಿಲ್ಲಿಸಿದ್ದು ಇಲ್ಲೇ. ಶತ್ರುಗಳ ಫಿರಂಗಿಗೆ ಗಿರಣಿಯೇ ಗುರಿಯಾಗುತ್ತಿದೆ ಎಂದು ಫ್ರೆಂಚ್ ಸೇನಾಪತಿ ಕೆಲ್ಲರ್‌ಮನ್ ಅದನ್ನು ನಾಶ ಮಾಡಿಸಿದ. ಮರುದಿನವೇ ಪ್ಯಾರಿಸಿನಲ್ಲಿ ಅರಸೊತ್ತಿಗೆ ರದ್ದಾಯಿತು. ಪ್ರಷ್ಯದ ಸೇನೆಯ ಜೊತೆಗಿದ್ದ ಕವಿ ಗಯಟೆ ಈ ದಿನದ ಬಗ್ಗೆ ಮುಂದೆ ಬರೆದಿದ್ದಾನೆ.

ಆ ನೆನಪಿಗಾಗಿ 1947ರಲ್ಲಿ ಬೇರೆ ಊರಿನ ಮರದ ಗಿರಣಿಯೊಂದನ್ನು ತಂದು ಅದೇ ಗುಡ್ಡದಲ್ಲಿ ನಿಲ್ಲಿಸಿದರು. ಒಂದೇ ನಡುಗಂಬದ ಮೇಲೆ ಇಡೀ ಗಿರಣಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸುವ ಮಾದರಿ ಅದು. 1999ರ ಡಿಸೆಂಬರ್ 26ರ ಬಿರುಗಾಳಿಗೆ ಅದೂ ನೆಲಕ್ಕುರುಳಿತು. ಜನ ಕೈಕಟ್ಟಿ ಕೂರಲಿಲ್ಲ. ದೇಣಿಗೆ ಕೂಡಿಸಿದರು. 2005ರಲ್ಲಿ ಗಿರಣಿ ಮತ್ತೆ ಎದ್ದು ನಿಂತಿತು.

"ಅದು ಅಸಲಿ ಗಿರಣಿ ಅಲ್ಲವಲ್ಲ?" ಎಂದು ಕೇಳಬಹುದು. ಅಲ್ಲ, ನಿಜ. 1947ರದ್ದೂ ಅಸಲಿಯಾಗಿರಲಿಲ್ಲ. ಆದರೆ ಅಲ್ಲಿಯವರು ಉಳಿಸಿಕೊಂಡದ್ದು ಮರದ ಹಲಗೆಯನ್ನಲ್ಲ, ಆ ಜಾಗದ ಗುರುತನ್ನು.

ಗಡಿನಾಡಿನವರು ಯೋಚಿಸಬೇಕಾದದ್ದು ಇದನ್ನೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಇತ್ತು, ಇದೆ ಎನ್ನುವುದಕ್ಕೆ ಹಳೆ ಶಾಲೆ, ವಾಚನಾಲಯಗಳೂ ಸಾಕ್ಷಿ. ಬೀಳುವಂತಿರುವ ಗೋಡೆಯಡಿ ಮಕ್ಕಳನ್ನು ಕೂರಿಸಿ ಎಂದು ಯಾರೂ ಹೇಳುವುದಿಲ್ಲ. ಕೆಡವಬೇಕಾದ್ದನ್ನು ಕೆಡವಲೇಬೇಕು. ಆದರೆ ಕೆಡವುವ ಮೊದಲು ಫೋಟೋ ತೆಗೆದು, ಅಳತೆ ಬರೆದಿಟ್ಟುಕೊಂಡು, ಕನ್ನಡದ ನಾಮಫಲಕವನ್ನೂ ಹಳೆ ದಾಖಲೆಗಳನ್ನೂ ಜೋಪಾನ ಮಾಡಲು ಎಷ್ಟು ಖರ್ಚು? ಅದೇ ಜಾಗದಲ್ಲಿ ಹೊಸ ಕಟ್ಟಡ ಏಳುವಾಗ ಹಳೆ ಹೆಸರನ್ನೇ ಬರೆಸಲು ಯಾರ ಅಪ್ಪಣೆಗೆ ಕಾಯಬೇಕು?

ಸರಕಾರ ತಿರುವನಂತಪುರದ್ದೋ ಬೆಂಗಳೂರಿನದ್ದೋ, ಅರ್ಜಿ ಕೊಡೋಣ ಎನ್ನುವುದು ಸರಿಯೇ. ಅದರ ಜೊತೆಗೆ ಹಳೆ ವಿದ್ಯಾರ್ಥಿಗಳು ಈ ಮಳೆಗಾಲಕ್ಕೆ ಮೊದಲೇ ಒಂದು ಭಾನುವಾರ ಸೇರಲಿ. ಗಾಳಿ ಹೇಳಿ ಕೇಳಿ ಬರುವುದಿಲ್ಲ.