ಸೂಜಿ ಹಿಡಿದ ಕೈಗೆ ಲೆಕ್ಕದ ಪುಸ್ತಕ



ಈ ಸಲ ಬಂದ ಕಾಗದಗಳಲ್ಲಿ ಒಂದಕ್ಕೆ ಇಡೀ ಪುಟವನ್ನೇ ಕೊಡುತ್ತಿದ್ದೇನೆ. ಬರೆದಾಕೆ ಅಕ್ಯುಪಂಕ್ಚರ್ ಕಲಿತು, ಕೊರಳಿನ ಸರ ಅಡವಿಟ್ಟು, ಪೇಟೆಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಮೂರು ತಿಂಗಳಾದರೂ ದಿನಕ್ಕೆ ಒಬ್ಬರು ಬಂದರೆ ಹೆಚ್ಚು. "ಸಕ್ಕರೆ ಕಾಯಿಲೆ, ಲಕ್ವ, ಬೊಜ್ಜು ಎಲ್ಲಾ ಗ್ಯಾರಂಟಿ ವಾಸಿ ಅಂತ ಕರಪತ್ರ ಹೊಡೆಸಿ ಅತ್ತಿಗೆ, ಜನ ತಾವಾಗೇ ಬರ್ತಾರೆ" ಎನ್ನುತ್ತಾನಂತೆ ಮೈದುನ. "ಹೊಡೆಸಲೇ ಅಕ್ಕಾ?" ಎಂದು ಕೇಳಿದ್ದಾರೆ.

ಬೇಡ ತಂಗಿ. ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯಲು 1954ರಲ್ಲೇ ಒಂದು ಕೇಂದ್ರ ಕಾಯ್ದೆ ಬಂದಿದೆ. ಇಂತಿಂಥ ಕಾಯಿಲೆ ವಾಸಿಮಾಡುತ್ತೇವೆಂದು ಪ್ರಚಾರ ಮಾಡಬಾರದು ಎಂಬ ಅದರ ಪಟ್ಟಿಯಲ್ಲಿ ಮೈದುನ ಹೇಳಿದ ಮೂರೂ ಹೆಸರುಗಳಿವೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ದಂಡವಿದೆ. ಕಾಯ್ದೆಯ ಮಾತು ಹಾಗಿರಲಿ, ನಿಮ್ಮ ಕರಪತ್ರ ನಂಬಿ ಯಾರೋ ಒಬ್ಬ ತಾಯಿ ಇನ್ಸುಲಿನ್ ನಿಲ್ಲಿಸಿಬಿಟ್ಟರೆ ಗತಿಯೇನು? ಆ ಪಾಪ ತೊಳೆಯಲು ಯಾವ ಸಂಪಾದನೆಯೂ ಸಾಲದು.

ಹಾಗಾದರೆ ಏನು ಹೇಳಿಕೊಳ್ಳಬೇಕು? ಇದ್ದದ್ದನ್ನು ಇದ್ದಷ್ಟೇ ಹೇಳಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಹುಕಾಲದ ಸೊಂಟನೋವಿಗೆ ಕೊಡಬಹುದಾದ ಚಿಕಿತ್ಸೆಗಳ ನಡುವೆ ಅಕ್ಯುಪಂಕ್ಚರನ್ನೂ ಸೇರಿಸಿದೆ. ಆದರೆ ಪುರಾವೆ ಅಷ್ಟು ಗಟ್ಟಿಯಲ್ಲ ಎಂದೂ ಹೇಳಿದೆ. ಪದೇ ಪದೇ ಬರುವ ಅರೆತಲೆನೋವು ಕಡಿಮೆಯಾಗಲು ಸಹಾಯವಾದೀತು ಎನ್ನುವ ಅಧ್ಯಯನಗಳೂ ಇವೆ. ಮೊಣಕಾಲಿನ ಕೀಲು ಸವೆತಕ್ಕೆ ಮಾತ್ರ ಇದು ಬೇಡ ಎಂದು ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ 2022ರಲ್ಲಿ ಹೇಳಿದೆ. "ನೋವು ಕಡಿಮೆಯಾಗಲು ಪ್ರಯತ್ನಿಸೋಣ, ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ" ಎನ್ನುವವರನ್ನು ಜನ ನಿಧಾನವಾಗಿ ನಂಬುತ್ತಾರೆ, ನಂಬಿದ ಮೇಲೆ ಬಿಡುವುದಿಲ್ಲ.

ಬೋರ್ಡಿನ ವಿಚಾರಕ್ಕೆ ಬರೋಣ. ಕೇಂದ್ರ ಸರ್ಕಾರ 2003ರ ನವೆಂಬರಿನಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿ ಆದೇಶ ಹೊರಡಿಸಿತು. ಹಾಗೆಂದು ಈ ತರಬೇತಿಯೊಂದರಿಂದಲೇ ಹೆಸರಿನ ಮುಂದೆ 'ಡಾಕ್ಟರ್' ಎಂದು ಬರೆಸಿಕೊಳ್ಳಬಾರದು. ನಮ್ಮ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 'ಚಿಕಿತ್ಸೆ' ಎಂಬ ಪದದ ವಿವರಣೆಯಲ್ಲೇ ಅಕ್ಯುಪಂಕ್ಚರನ್ನು ಸೇರಿಸಿದೆ. ಆದ್ದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಿ, ನಿಮ್ಮ ಸರ್ಟಿಫಿಕೇಟಿನ ಮೇಲೆ ಏನು ಮಾಡಬಹುದು, ನೋಂದಣಿ ಹೇಗೆ ಎಂದು ಮೊದಲು ವಿಚಾರಿಸಿ. ನೋಂದಣಿಪತ್ರವನ್ನೂ ದರಪಟ್ಟಿಯನ್ನೂ ಗೋಡೆಗೆ ಹಾಕಿ. "ಎಷ್ಟಾಗುತ್ತೋ ಏನೋ" ಅನ್ನೋ ಹೆದರಿಕೆಯಿಂದಲೇ ಎಷ್ಟೋ ಹೆಂಗಸರು ಬಾಗಿಲವರೆಗೂ ಬಂದು ಹಿಂದಿರುಗುತ್ತಾರೆ.

ಇನ್ನು ಸೂಜಿಯ ಭಯ. ಬಂದವರಿಗೆ ಮೊದಲು ಸೂಜಿ ತೋರಿಸಿ. ಸಾಮಾನ್ಯವಾಗಿ ಅದರ ದಪ್ಪ ಮಿಲಿಮೀಟರಿನ ಕಾಲುಭಾಗದಷ್ಟು, ಇಂಜೆಕ್ಷನ್ ಸೂಜಿಗಿಂತ ಎಷ್ಟೋ ತೆಳು. ಒಬ್ಬರಿಗೆ ಒಮ್ಮೆ ಬಳಸಿದ್ದನ್ನು ಇನ್ನೊಮ್ಮೆ ಬಳಸಲೇಬಾರದು. ಹೊಸ ಪೊಟ್ಟಣವನ್ನು ಅವರ ಕಣ್ಣೆದುರೇ ಬಿಚ್ಚಿ. ಬಳಸಿದ ಸೂಜಿಯನ್ನು ಕಸದ ಗಾಡಿಗೆ ಹಾಕುವಂತಿಲ್ಲ. ಚುಚ್ಚಿ ತೂತಾಗದ ಬಿಳಿ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆ ತ್ಯಾಜ್ಯ ಒಯ್ಯುವವರಿಗೆ ಕೊಡಬೇಕೆಂದು 2016ರ ನಿಯಮವಿದೆ. ಆ ಬಿಳಿ ಡಬ್ಬಿ ರೋಗಿಗೆ ಕಾಣುವ ಹಾಗೆ ಇರಲಿ. ನೂರು ಕರಪತ್ರಕ್ಕಿಂತ ಅದೇ ಹೆಚ್ಚು ಮಾತಾಡುತ್ತದೆ.

"ಇದೇನು ಚೀನಾ ಮದ್ದು?" ಎಂದು ಕೇಳುವವರು ಇದ್ದೇ ಇರುತ್ತಾರೆ. 1938ರಲ್ಲಿ ಚೀನಾಕ್ಕೆ ಹೋದ ನಮ್ಮ ಐವರು ವೈದ್ಯರಲ್ಲಿ ಸೋಲಾಪುರದ ಡಾ. ಕೊಟ್ನಿಸ್ ಜೊತೆ ಡಾ. ಬಿಜಯ್ ಕುಮಾರ್ ಬಸು ಅವರೂ ಇದ್ದರು, ಮುಂದೆ ಆ ಬಸು ಅವರೇ ಈ ವಿದ್ಯೆಯನ್ನು ಕಲಿತು ಕಲ್ಕತ್ತೆಗೆ ತಂದರು ಎಂದು ಎರಡು ಮಾತಿನಲ್ಲಿ ಹೇಳಿ.

ಈಗ ಲೆಕ್ಕ. ನಾನು ಹೆಚ್ಚು ಓದಿದವಳಲ್ಲ, ಹಾಲಿನ ಲೆಕ್ಕ ಬರೆದು ಕಲಿತವಳು. ಮಾತಿಗೆ ಹೀಗಿಟ್ಟುಕೊಳ್ಳಿ: ಬಾಡಿಗೆ 6,000, ಸೂಜಿ-ಹತ್ತಿ-ಸ್ಪಿರಿಟ್ಟಿಗೆ 2,000, ಕರೆಂಟು ಮತ್ತು ಹಾಸುಬಟ್ಟೆ ಒಗೆತಕ್ಕೆ 1,000, ತ್ಯಾಜ್ಯ ಹಾಗೂ ಚಿಲ್ಲರೆ ಖರ್ಚಿಗೆ 1,000. ಒಟ್ಟು 10,000 ರೂಪಾಯಿ. ಒಂದು ಸಲಕ್ಕೆ 250 ರೂಪಾಯಿ ತೆಗೆದುಕೊಂಡರೆ 40 ಸಲ ಚಿಕಿತ್ಸೆ ಕೊಟ್ಟಾಗ ಖರ್ಚು ಹುಟ್ಟುತ್ತದೆ. ವಾರಕ್ಕೆ ಎರಡು ಸಲದಂತೆ ತಿಂಗಳಿಗೆ 8 ಸಲ ಬರುವ ರೋಗಿಗಳು ಐವರಿದ್ದರೆ 40 ಆಯಿತು. ಹಾಗಾಗಿ ಈಗ ನೀವು ಹುಡುಕಬೇಕಾದದ್ದು ಊರಿಡೀ ಜನರನ್ನಲ್ಲ, ಐದು ಜನರನ್ನು. ಆರನೆಯವರು ಬಂದಾಗ ಸರ ಬಿಡಿಸಿಕೊಳ್ಳುವ ದುಡ್ಡು ಶುರುವಾಗುತ್ತದೆ.

ಆ ಐವರು ಎಲ್ಲಿದ್ದಾರೆ? ಹೊಲಿಗೆ ಕ್ಲಾಸಿನಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ, ಶಾಲೆಯ ಟೀಚರುಗಳಲ್ಲಿ. ದಿನವಿಡೀ ಬಗ್ಗಿ ಅಥವಾ ನಿಂತು ದುಡಿಯುವವರ ಸೊಂಟನೋವು ಕೇಳುವವರೇ ಇಲ್ಲ. ಅಲ್ಲಿ ಹೋಗಿ ಅರ್ಧಗಂಟೆ ಮಾತಾಡಿ, ಪ್ರಶ್ನೆಗೆ ಉತ್ತರಿಸಿ ಬನ್ನಿ. ಮನೆಗೆಲಸ ಮುಗಿಯುವ ಹನ್ನೊಂದರಿಂದ ಒಂದು ಗಂಟೆ, ಮಕ್ಕಳು ಬರುವ ಮುಂಚಿನ ಎರಡರಿಂದ ನಾಲ್ಕು ಗಂಟೆ ಹೆಂಗಸರಿಗೆಂದೇ ಮೀಸಲಿಡಿ. ಮಂಚಕ್ಕೆ ಪರದೆ ಹಾಕಿಸಿ. ಹೊಸಬರು ಬಂದಾಗ "ಯಾರು ಹೇಳಿದ್ರು?" ಎಂದು ಕೇಳಿ ಪುಸ್ತಕದಲ್ಲಿ ಬರೆಯಿರಿ. ಯಾವ ಬಾಯಿಮಾತು ಫಲ ಕೊಟ್ಟಿತೆಂದು ತಿಂಗಳ ಕೊನೆಗೆ ತಿಳಿಯುತ್ತದೆ. ರೋಗಿಗಳ ಫೋಟೋ ವಾಟ್ಸಾಪಿಗೆ ಹಾಕಬೇಡಿ. ಹತ್ತು ಸಲದ ಹಣ ಮುಂಗಡ ಕೇಳಬೇಡಿ. ಐದು ಸಲವಾದ ಮೇಲೂ ಗುಣ ಕಾಣದಿದ್ದರೆ ನೀವೇ "ಡಾಕ್ಟರಿಗೆ ತೋರಿಸಿ" ಎನ್ನಿ.

ಹತ್ತಿರದ ಡಾಕ್ಟರನ್ನೂ ಒಮ್ಮೆ ಕಂಡು ಬನ್ನಿ. ಎದೆನೋವು, ಇದ್ದಕ್ಕಿದ್ದಂತೆ ಕೈಕಾಲು ಸೋಲುವುದು, ಜ್ವರದ ಜೊತೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಸೂಜಿ ಮುಟ್ಟದೆ ಅವರಲ್ಲಿಗೆ ಕಳಿಸಿ. ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಬಂದರೂ ಅವರನ್ನು ಕೇಳಿಯೇ ಮುಂದುವರಿಯಿರಿ. ನೀವು ಕಳಿಸಿದ ಹತ್ತು ಜನರಲ್ಲಿ ಒಬ್ಬರ ಜೀವ ಉಳಿದರೂ ಊರಿಗೆ ಊರೇ ಅದನ್ನು ನೆನೆಸುತ್ತದೆ.

ಕೊನೆಯದಾಗಿ, ಕ್ಯಾಲೆಂಡರಿನಲ್ಲಿ ಇವತ್ತಿನಿಂದ ಆರು ತಿಂಗಳ ಮುಂದಿನ ಒಂದು ತಾರೀಕಿಗೆ ಗುರುತು ಹಾಕಿ. ಅಷ್ಟರಲ್ಲಿ ತಿಂಗಳಿಗೆ 40 ತುಂಬದಿದ್ದರೆ ಪೇಟೆಬೀದಿಯ ಕೋಣೆ ಬಿಟ್ಟುಬಿಡಿ. ಬೇರೆಯವರ ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ದಿನ ಜಾಗ ಕೇಳಿ, ಅಲ್ಲಿಗೂ ನೋಂದಣಿಯ ವಿಷಯ ವಿಚಾರಿಸಿಕೊಂಡು ಮುಂದುವರಿಯಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ವಿದ್ಯೆಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಕೈಬಳೆಯನ್ನು ಮಾತ್ರ ಅಡವಿಡಬೇಡಿ ತಂಗಿ. ಆರು ತಿಂಗಳಾದ ಮೇಲೆ ಲೆಕ್ಕದ ಪುಸ್ತಕ ಏನು ಹೇಳಿತೆಂದು ನನಗೊಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ.